ಪೂಜೆಗೆ ಕೂತ ಕಟಿಂಗ್ ವೀಲು

ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕು ಹುಡುಕುವವರನ್ನು ಲೋಕ ಜಾಣರೆನ್ನುತ್ತದೆ. ಗ್ರೈಂಡರಿಗೆ ಸಿಕ್ಕಿಸಿ ಕಬ್ಬಿಣ ಕೊಯ್ಯುವ ಕಟಿಂಗ್ ವೀಲನ್ನು ಹಾಗೆಯೇ ತಿರುಗಿಸಿ ನೋಡುವ ನನ್ನನ್ನು ಮಾತ್ರ ದೊಡ್ಡಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಯವರು "ಮೇಷ್ಟ್ರು ಬಂದ್ರು, ಟೀ ತರ್ಸು ಗುರು, ಹೊತ್ತಾಗುತ್ತೆ" ಎಂದು ಸ್ವಾಗತಿಸುತ್ತಾರೆ. ಆಗಲಿ. ವೃತ್ತಿಯಿಂದ ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರಾದರೂ ಈ ಶಾಸ್ತ್ರದಲ್ಲಿ ನನ್ನ ಪಾಂಡಿತ್ಯ ಪ್ರಶ್ನಾತೀತವೆಂಬುದು ನನ್ನದೇ ವಿನಮ್ರ ಅಭಿಪ್ರಾಯ. ಕೊಯ್ಯಲು ತೆಳುವಾದದ್ದು, ಉಜ್ಜಲು ದಪ್ಪನೆಯದು. ಕಲ್ಲಿನದು ಕಬ್ಬಿಣಕ್ಕೆ ಸಲ್ಲದು. ಯಂತ್ರದ ವೇಗವನ್ನು ವೀಲು ತಾಳಬೇಕು. ನಡುವಿನ ತಗಡಿನ ಬಳೆಯ ಮೇಲೆ ಅಚ್ಚಾಗಿರುವ ಅವಧಿ ಮುಗಿದಿರಬಾರದು. ಹೌದು ಸ್ವಾಮಿ, ಬ್ರೆಡ್ಡಿಗಿರುವಂತೆ ಇದಕ್ಕೂ ಅವಧಿಯುಂಟು! ಅಂಟಿನಿಂದ ಹಿಡಿದಿಟ್ಟ ಹರಳುಪುಡಿಯ ಬಿಲ್ಲೆ ತಾನೇ. ಹಳೆಯದಾದರೆ, ತೇವ ತಗುಲಿದರೆ ಅಂಟು ಸಡಿಲಗೊಂಡು, ತಿರುಗುತ್ತಿರುವಾಗಲೇ ಸಿಡಿದು ಚೂರಾಗಬಹುದು.

ಇಷ್ಟೆಲ್ಲ ಶ್ರದ್ಧೆ ಯಾರಿಗಾಗಿ ಎಂದಿರಾ? ತೂಬಗೆರೆಯ ನನ್ನ ಭಾವನಿಗಾಗಿ. ದ್ರಾಕ್ಷಿ ಬೆಳೆಯುವ ಅವರು ಚಪ್ಪರದ ಕಂಬ, ಕೊಟ್ಟಿಗೆಯ ಗೇಟು ಎಲ್ಲವನ್ನೂ ತಾವೇ ಕೊಯ್ದು ಬೆಸೆಯುವ ಹಟದವರು. ಚಿಕ್ಕಂದಿನಲ್ಲಿ ಜಾಲಿಮುಳ್ಳು ಚುಚ್ಚಿ ಅವರ ಎಡಗಣ್ಣು ಹೋಗಿದೆ, ಉಳಿದದ್ದು ಒಂದೇ. ಅದರ ಕಾವಲಿಗೆಂದು ನಾನು ತಂದುಕೊಟ್ಟ ಗಾಗಲ್ಸು "ಬೆವರುತ್ತೆ ಕಣಪ್ಪಾ" ಎಂಬ ಘನ ಕಾರಣಕ್ಕೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹೇಳಿದ ಮಾತು ಕೇಳುವ ಆಸಾಮಿಯಲ್ಲ. ಆದ್ದರಿಂದ ವೀಲನ್ನಾದರೂ ನಾನೇ ಆರಿಸುತ್ತೇನೆ.

ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಭಾವ ಹೊಸ ಗೇಟಿಗೆ ಕಬ್ಬಿಣ ಅಳೆಯುತ್ತಿದ್ದರು. ಜಗುಲಿಯ ಮಣೆಯ ಮೇಲೆ ಗ್ರೈಂಡರು, ಸುತ್ತಿಗೆ, ಜೊತೆಗೆ ನಾನು ಆರಿಸಿ ತಂದಿದ್ದ ವೀಲುಗಳು ಅರಿಶಿನ ಕುಂಕುಮ ಹೊತ್ತು ಮದುಮಕ್ಕಳ ಹಾಗೆ ಕೂತಿದ್ದವು. ಒಂದನ್ನು ಮುಟ್ಟಿ ನೋಡಿದೆ. ಇನ್ನೂ ತೇವವಿತ್ತು. ಹಿಂದಿನ ದಿನದ ಆಯುಧಪೂಜೆಗೆಂದು ನಮ್ಮಕ್ಕ, ಕುಡುಗೋಲು ಮಚ್ಚುಗಳೊಂದಿಗೆ ಅವನ್ನೂ ಬಕೆಟ್ಟಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದಳು!

"ಇವನ್ನ ಹಾಕ್ಬೇಡಿ ಭಾವ, ನೆಂದ್ಬಿಟ್ಟಿವೆ" ಎಂದೆ.

"ಸುಮ್ನಿರೋ" ಎಂದಳು ಅಕ್ಕ. "ಪೂಜೆ ಮಾಡಿದ್ದನ್ನ ಬಿಟ್ಟು ಬೇರೇದು ಹಾಕ್ತಾರೇನೋ? ಮೊದ್ಲು ಇದ್ರಲ್ಲೇ ಕೊಯ್ಬೇಕು."

ನಾನು ಶಾಸ್ತ್ರಕ್ಕೆ ಶಾಸ್ತ್ರವನ್ನೇ ಎದುರು ನಿಲ್ಲಿಸಿ, ದೇವರಿಗೆ ಒಪ್ಪಿಸಿದ್ದನ್ನು ಮತ್ತೆ ದುಡಿಸಬಾರದೆಂದು ಘೋಷಿಸಿದೆ.

"ನಿನ್ನ ಬೈಕಿಗೂ ಪೂಜೆ ಮಾಡಿದ್ಯಲ್ಲ, ಇವತ್ತು ನಡ್ಕೊಂಡು ಬಂದ್ಯಾ?" ಎಂದಳು.

ಇಷ್ಟು ವರ್ಷಗಳ ನನ್ನ ಅಧ್ಯಾಪನ ಒಂದೇ ಪ್ರಶ್ನೆಗೆ ಮಕಾಡೆ ಮಲಗಿತು. ಅಷ್ಟರಲ್ಲಿ ಭಾವ ವೀಲು ಬಿಗಿದೇ ಬಿಟ್ಟಿದ್ದರು. ಪಾಂಡಿತ್ಯವನ್ನೆಲ್ಲ ಬದಿಗಿಟ್ಟು ಪ್ಲಗ್ ಕಿತ್ತುಹಾಕಿದೆ.

"ಅಕ್ಕಾ, ಇದು ಸಿಡಿದ್ರೆ ಚೂರು ಎಲ್ಲಿಗೆ ಬಡಿಯುತ್ತೆ ಗೊತ್ತಾ? ಭಾವಂಗೆ ಇರೋದು ಒಂದೇ ಕಣ್ಣು. ನಂಗೆ ಭಯ ಆಗುತ್ತೆ ಕಣಕ್ಕಾ."

"ಆ ಕಣ್ಣಿಗೋಸ್ಕರಾನೇ ಕಣೋ ನಾನು ಕೈ ಮುಗಿದಿದ್ದು" ಎಂದಳು ಅಕ್ಕ, ಸಣ್ಣ ದನಿಯಲ್ಲಿ. ಭಾವ ವೀಲು ಬಿಚ್ಚಿಕೊಟ್ಟರು. ಅಕ್ಕ ಎಲ್ಲವನ್ನೂ ಸೆರಗಿನಲ್ಲಿ ಒಯ್ದು, ಪೂಜೆಯ ಬಾಡಿದ ಹೂವಿನೊಂದಿಗೆ ತೆಂಗಿನಮರದ ಬುಡದಲ್ಲಿ ಹೂತಳು. ಅಂದು ಗೇಟಿನ ಕೆಲಸ ನಡೆಯಲಿಲ್ಲ.

ಈ ವರ್ಷವೂ ಅದೇ ಅಂಗಡಿಯಲ್ಲಿ ಟೀ ಹೀರುತ್ತ, ಯಾರು ನಕ್ಕರೂ ನಗಲಿ ಎಂದು, ವೀಲುಗಳನ್ನು ತಿರುಗಿಸಿ ನೋಡಿಯೇ ತಂದುಕೊಟ್ಟೆ. ಅಕ್ಕ ಅವನ್ನು ಒಣ ಡಬ್ಬಿಯಲ್ಲಿಟ್ಟು ಮುಚ್ಚಳಕ್ಕಷ್ಟೇ ಅರಿಶಿನ ಹಚ್ಚಿದಳು. ಮಣೆಯ ನಡುವೆ ಅಗ್ರಪೂಜೆ ಸಂದದ್ದು ಮೊಳೆಯಿಂದ ಕೆಳಗಿಳಿದ ಗಾಗಲ್ಸಿಗೆ. ಪೂಜೆ ಮಾಡಿದ್ದನ್ನು ಬಿಟ್ಟು ಕೆಲಸ ಶುರುಮಾಡುವಂತಿಲ್ಲವಲ್ಲ. ಮರುದಿನ ಭಾವ ಗೊಣಗದೆ ಅದನ್ನು ಹಾಕಿಕೊಂಡರು. ಹತ್ತಿರ ಹೋಗಿ ನೋಡಿದೆ. ಎಡಗಡೆಯ ಗಾಜಿನ ತುಂಬ ಕುಂಕುಮ. ಬಲಗಡೆಯದನ್ನು ಅಕ್ಕ ಫಳಫಳನೆ ಒರೆಸಿಟ್ಟಿದ್ದಳು.