ಶಿಯಾನ್‌ನಲ್ಲಿ ಗುಮ್ಮಟ ಹುಡುಕಿದ್ದು

ಎಣ್ಣೆಯ ಬೆಲೆ ಬಿದ್ದ ಆ ವರ್ಷಗಳಲ್ಲಿ ಮಸ್ಕತ್‌ನ ವಾದಿ ಅದಾಯ್‌ನ ನಮ್ಮ ಟ್ರಾವೆಲ್ ಆಫೀಸಿನ ಐದು ಕುರ್ಚಿಗಳಲ್ಲಿ ಮೂರು ಖಾಲಿಯಾಗಿದ್ದವು. ಮಂಗಳೂರಿನ ನಮ್ಮ ಮ್ಯಾನೇಜರ್ ಮುಖಕ್ಕೆ ಹೊಡೆದಂತೆ ಹೇಳಿದರು: "ಚೀನಾದ ಹತ್ತು ಸೀಟು ತುಂಬದಿದ್ದರೆ ಖಲಾಸ್. ನಿಮ್ಮ ವೀಸಾ ಕ್ಯಾನ್ಸಲ್."

ತುಂಬಿಸಿದೆ. ಬಾಯಿ ಇತ್ತಲ್ಲ! ಶಿಯಾನ್ ಚೀನಾದ ಹಳೆಯ ರಾಜಧಾನಿ, ಅಲ್ಲಿನ ಕೋಟೆಗೋಡೆಯ ಮೇಲೆ ಸೈಕಲ್ ಹೊಡೆಯಬಹುದು, ಗಂಟೆ ಗೋಪುರದಿಂದ ನಗಾರಿ ಗೋಪುರಕ್ಕೆ ನಡೆದೇ ಹೋಗಬಹುದು, ಎಲ್ಲ ಬಾಯಿಪಾಠ. "ನೀವು ಹೋಗೀರೇನ್ರಿ?" ಎಂದವರಿಗೆ "ಎರಡು ಸಲ" ಎಂದೆ. ಫೋಟೋ ಕೇಳಿದರೆ, ನನಗೆ ಫೋಟೋ ಸೇರುವುದಿಲ್ಲ ಎನ್ನುತ್ತಿದ್ದೆ. ನಾನು ನೋಡಿದ್ದು ನಕ್ಷೆ ಮಾತ್ರ.

ಹತ್ತು ಸೀಟಿಗೆ ಒಂದು ಟಿಕೆಟ್ ಬಿಟ್ಟಿ ಬರುತ್ತದೆ. ಮ್ಯಾನೇಜರ್ ಅದನ್ನು ನನ್ನ ಕೈಗಿಟ್ಟರು. "ನಿಮಗೆ ದಾರಿ ಗೊತ್ತುಂಟಲ್ಲ, ಗೈಡ್ ಯಾಕೆ? ನೀವೇ ಕರ್ಕೊಂಡು ಹೋಗಿ." ಆ ರಾತ್ರಿ ಕೂತು ನಕ್ಷೆಯನ್ನು ಮತ್ತೊಮ್ಮೆ ಬಾಯಿಪಾಠ ಮಾಡಿದೆ.

ಹೊರಟವರೆಲ್ಲ ಇಲ್ಲೇ ಕೆಲಸದಲ್ಲಿದ್ದ ಬಾಗಲಕೋಟೆ ಕಡೆಯ ಎಂಜಿನಿಯರ್ ಕುಟುಂಬಗಳು. ಜೊತೆಗೆ ಒಬ್ಬರ ತಾಯಿ, ಎಪ್ಪತ್ತು ದಾಟಿದವರು, ಎಲ್ಲರಿಗೂ ಆಯಿ. ಮೊದಲ ದಿನ ಕೋಟೆ, ಗೋಪುರ ಎರಡನ್ನೂ ರಾಜಗಾಂಭೀರ್ಯದಿಂದ ತೋರಿಸಿದೆ. ನಂತರ ಹಳೆಯ ದೊಡ್ಡ ಮಸೀದಿಗೆ ಹೊರಟೆವು. "ಗುಮ್ಮಟ ಕಾಣ್ತದ, ನಡೀರಿ" ಎಂದೆ. ವಿಜಯಪುರದಲ್ಲಿ ಹುಟ್ಟಿ ಮಸ್ಕತ್‌ನಲ್ಲಿ ಬಾಳುವವಳು ಮತ್ತೇನು ಹುಡುಕುತ್ತಾಳೆ? ಗಲ್ಲಿಯನ್ನು ಎರಡು ಸಲ ಸುತ್ತಿದರೂ ಗುಮ್ಮಟ ಕಾಣಲಿಲ್ಲ. ಕೊನೆಗೆ ರೊಟ್ಟಿ ಮಾರುವವನೊಬ್ಬ ನಾವು ಆಗಲೇ ದಾಟಿಹೋಗಿದ್ದ ಬಾಗಿಲನ್ನು ಕೈಮಾಡಿ ತೋರಿಸಿದ. ಒಳಗೆ ಅಂಗಳದ ಹಿಂದೆ ಅಂಗಳ, ಮರಗಳು, ಹೆಂಚಿನ ಮಾಡು. ಗುಮ್ಮಟವೇ ಇಲ್ಲ!

ಆಯಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. "ಖರೇ ಹೇಳವ್ವಾ. ಮೊದಲ ಸಲ ಬಂದೀ ಹೌದಲ್ಲ?"

"ಹೌದ್ರೀ ಆಯಿ." ನಾಚಿಕೆಯಿಂದ ಸತ್ತೇ ಹೋದೆ.

"ಅದಕ್ಕ್ಯಾಕ ಮಾರಿ ಸಣ್ಣದು ಮಾಡ್ಕೊಂಡಿ? ನಾನೂ ಮೊದಲ ಸಲನ ಬಂದೀನಿ. ಅಲ್ಲಿ ನಿಲ್ಲು, ಒಂದು ಫೋಟೋ ತಗೀತೀನಿ. ಆದ್ರ ಉಳಿದವರಿಗೂ ನೀನ ಹೇಳಬೇಕು."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಎದ್ದುನಿಂತು ಹೇಳಿಬಿಟ್ಟೆ. ಹಿಂದಿನ ಸೀಟಿನಿಂದ ಒಬ್ಬರು, "ಗುಮ್ಮಟ ಹುಡುಕುವಾಗನ ಗೊತ್ತಾತ್ ಬಿಡ್ರಿ" ಎಂದರು. ಬಸ್ಸೆಲ್ಲ ನಗು. ಅಲ್ಲಿಂದ ಹೋಗಿ ನೋಡಿದ, ಹಳೆಯ ಚಕ್ರವರ್ತಿಯ ಸಮಾಧಿ ಕಾಯುವ ಸಾವಿರಾರು ಮಣ್ಣಿನ ಸೈನಿಕರ ಮುಂದೆ ನನ್ನ ಬಾಯಿಪಾಠ ಯಾರಿಗೂ ಬೇಕಾಗಲಿಲ್ಲ. ಆ ಸಾಲುಗಳ ಒಂದು ಮುಖದಲ್ಲಿ ಆಯಿ ತಮ್ಮ ಮೈದುನನನ್ನೇ ಕಂಡುಹಿಡಿದರು. ನಾನೂ ಎಲ್ಲರ ಹಾಗೆ ಮೊದಲ ಸಲ ನೋಡುತ್ತ ನಿಂತೆ.

ಫೋಟೋ ಈಗ ನನ್ನ ಮೇಜಿನ ಗಾಜಿನ ಕೆಳಗಿದೆ, ಮೂಲೆಯಲ್ಲಿ ಆಯಿಯ ಹೆಬ್ಬೆರಳು. ವಾಪಸಾದ ತಿಂಗಳೇ ಪಕ್ಕದ ಅಲ್ ಅಮೇರಾತ್‌ನಿಂದ ಬಂದ ಹೆಂಗಸೊಬ್ಬರು ಅದನ್ನು ನೋಡಿ, "ಎಷ್ಟು ಸಲ ಹೋಗೀರಿ?" ಎಂದರು. ಆಚೆ ಕುರ್ಚಿಯಲ್ಲಿದ್ದ ಮ್ಯಾನೇಜರ್ ಕಿವಿ ಇತ್ತಲೇ ಇತ್ತು.

"ಒಂದೇ ಸಲ ರೀ. ಮಸೀದಿ ಸಿಗಲಿಲ್ಲಂತ ಎಲ್ಲಾರನ್ನೂ ಎರಡು ಸುತ್ತು ತಿರುಗಿಸೀನಿ."

ಅವರು ನಕ್ಕು ಕುರ್ಚಿ ಎಳೆದು ಕೂತರು. "ಹಂಗಾದ್ರ ನಮ್ಮ ಪಕ್ಕದ ಮನಿ ಆಯಿ ಹೇಳಿದ್ದು ನಿಮ್ಮ ಬಗ್ಗೆನ. ಖರೇ ಹೇಳ್ತಾಳ, ಅಕಿ ಹತ್ರನ ಹೋಗು ಅಂದಿದ್ರು. ನಾಲ್ಕು ಸೀಟು ಹಿಡೀರಿ."