ಕಾಲು ನಿಂತ ಗಳಿಗೆ

ಮೇಜಿನ ಕೆಳಗೆ ಅವರ ಪಾದಗಳು ಸದಾ ಓಡುತ್ತಿದ್ದವು. ಬೂಟು ಕಳಚಿ ಪಕ್ಕಕ್ಕಿಟ್ಟು, ಬೂದು ಬಣ್ಣದ ಕಾಲುಚೀಲದಲ್ಲಿ, ಹೆಬ್ಬೆರಳನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಎತ್ತಿ, ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ. ಸೊಂಟದಿಂದ ಮೇಲೆ ಮಾತ್ರ ಕಲ್ಲಿನಂತೆ ಕೂತಿರುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಿದ್ದ ಪೆನ್ನು ಹೆಕ್ಕಲು ಬಗ್ಗಿದಾಗ ನಾನದನ್ನು ಕಂಡೆ. ಪರದೆಯ ಮೇಲಿನ ಆಟಗಾರನನ್ನು ನೋಡಿ ಅವರಿಗರಿವಿಲ್ಲದೆ ಕಾಲು ಆಡುತ್ತಿದೆ ಎಂದುಕೊಂಡೆ. ಆಮೇಲೆ ಸರಿಯಾಗಿ ನೋಡಿದೆ. ಮೊದಲು ಎಡಕ್ಕೆ ಹೊರಳುತ್ತಿದ್ದದ್ದು ಅವರ ಪಾದ. ಆಟಗಾರ ಹೊರಳುತ್ತಿದ್ದದ್ದು ಅದರ ನಂತರ. ಆ ವಿಡಿಯೊ ಅಮೆರಿಕದಿಂದ ಆಗಷ್ಟೇ ಬಂದಿತ್ತು. ಅವರೂ ಅದನ್ನು ಮೊದಲ ಸಲವೇ ನೋಡುತ್ತಿದ್ದರು.

ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ನಮ್ಮ ಆಫೀಸು ಇದ್ದದ್ದು ಮಸ್ಕತ್‌ನ ಹಮ್ರಿಯಾದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡಗಳು ಕಳಿಸುವ ವಿಡಿಯೊ ನೋಡಿ, ಯಾವ ಆಟಗಾರ ಹೇಗೆ ಎಂದು ಅಂಕ ಕೊಟ್ಟು ವರದಿ ಬರೆಯುವುದು ನಮ್ಮ ಕೆಲಸ. ಅವರು ಅಲ್ಲಿ ಮಲಗುವ ಹೊತ್ತಿಗೆ ಇಲ್ಲಿ ನಾವು ಆಫೀಸಿನ ಬೀಗ ತೆಗೆಯುತ್ತಿದ್ದೆವು. ನಾನು ಗದಗಿನವಳು, ಗಂಡನ ನೌಕರಿಯ ಬೆನ್ನಿಗೆ ಒಮಾನಿಗೆ ಬಂದವಳು. ಮೊಟ್ಟೆಯಾಕಾರದ ಆ ಚೆಂಡನ್ನು ಕೈಯಿಂದ ಮುಟ್ಟಿದವಳೂ ಅಲ್ಲ. ಸರ್ ಮೈಸೂರಿನವರು. ಹರೆಯದಲ್ಲಿ ಕಬಡ್ಡಿ ಆಡಿದ್ದರು, ಎಡಮೂಲೆಯಲ್ಲಿ ನಿಂತು ಹಿಡಿಯುತ್ತಿದ್ದವರು.

ಆಟ ಕಲಿಸಿದ್ದು ಅವರೇ. "ಮುಂದೆ ಗುದ್ದಾಡೋ ದೊಡ್ಡ ಮೈಯವರನ್ನ ಬಿಡಮ್ಮ. ಅವರ ಹಿಂದೆ ಸ್ವಲ್ಪ ಬಗ್ಗಿ ನಿಂತಿರ್ತಾನಲ್ಲ, ಅವನೇ ಲೈನ್‌ಬ್ಯಾಕರ್. ಎದುರಿನವರು ಚೆಂಡು ಹೊತ್ಕೊಂಡು ನುಗ್ತಾರೋ, ಮೇಲಿಂದ ಎಸೀತಾರೋ, ಕಣ್ಣು ಮಿಟುಕಿಸೋದ್ರೊಳಗೆ ಅವನಿಗೆ ಗೊತ್ತಾಗಬೇಕು. ನಮ್ಮ ಕಬಡ್ಡೀಲಿ ರೈಡರ್ ಒಳಗೆ ಬಂದಾಗ ಮೂಲೆಯವನಿಗೆ ಗೊತ್ತಾಗಲ್ವೇ, ಹಾಗೆ."

"ಹೆಂಗ್ ಗೊತ್ತಾಗತೈತ್ರಿ ಸರ್?"

"ಕಣ್ಣು ಸುಳ್ಳು ಹೇಳುತ್ತೆ. ಭುಜಾನೂ ಸುಳ್ಳು ಹೇಳುತ್ತೆ. ಸೊಂಟಕ್ಕೆ ಸುಳ್ಳು ಬರಲ್ಲ."

ನಾನು ಸರಿಯಾಗಿ ಗುರುತಿಸಿದ ದಿನ ಡ್ರಾಯರಿನಿಂದ ಒಂದು ಖರ್ಜೂರ ತೆಗೆದು ನನ್ನ ಮೇಜಿನ ಮೇಲಿಡುತ್ತಿದ್ದರು.

ನಮಗೆ ಬರುತ್ತಿದ್ದ ವಿಡಿಯೊಗಳಲ್ಲಿ ಶಬ್ದವಿರುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಮುಖವೂ ಕಾಣುತ್ತಿರಲಿಲ್ಲ. ಅಷ್ಟೊಂದು ಮೈಗಳು ಮೂಕವಾಗಿ ಡಿಕ್ಕಿ ಹೊಡೆದು ಬೀಳುತ್ತಿದ್ದವು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದೊಂದೇ ಬರುತ್ತಿತ್ತು. ಬಿದ್ದವರೊಡನೆ ಸರ್ ಮಾತಾಡುತ್ತಿದ್ದರು. "ಏಳಪ್ಪ, ಏಳು. ಹಾಂ, ಹಾಗೆ." ಬಿದ್ದವನು ಎದ್ದು ನಿಲ್ಲುವ ತನಕ ಮುಂದಿನ ವಿಡಿಯೊ ಹಾಕುತ್ತಿರಲಿಲ್ಲ. ಅವನು ಏಳುವ ಮೊದಲೇ ದೃಶ್ಯ ಕತ್ತರಿಸಿದ್ದರೆ, ಕತ್ತರಿಸದ ಪೂರ್ತಿ ವಿಡಿಯೊ ಕಳಿಸಿ ಎಂದು ತಂಡದವರಿಗೆ ಬರೆಯುತ್ತಿದ್ದರು. ತಿಂಗಳುಗಳ ಹಿಂದೆ, ಬೇರೊಂದು ಖಂಡದಲ್ಲಿ ಬಿದ್ದವನು ಎದ್ದನೋ ಇಲ್ಲವೋ ಎಂದು ಅವರು ಕಾಯುತ್ತಾ ಕೂತಿರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹೊಸ ಹುಡುಗನೊಬ್ಬನ ವಿಡಿಯೊಗಳು ಬಂದವು. ಕಾಲೇಜು ಮುಗಿಸಿ ಆಗಷ್ಟೇ ವೃತ್ತಿಪರ ತಂಡ ಸೇರಿದ್ದ ಲೈನ್‌ಬ್ಯಾಕರ್. ಇವನನ್ನು ನೆಚ್ಚಬಹುದೇ, ಮುಂದೆ ಎಷ್ಟು ಬೆಳೆದಾನು ಎಂದು ತಂಡದವರು ಕೇಳಿದ್ದರು. ಮೊದಲು ನಾನೇ ನೋಡಿದೆ. ಅಂಥವನನ್ನು ನಾನು ನೋಡಿರಲಿಲ್ಲ. ಚೆಂಡು ಎಲ್ಲಿಗೆ ಬರಲಿದೆಯೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಹಿಗ್ಗಿನಿಂದ ಸರ್ ಹತ್ತಿರ ಹೋದೆ.

ಅವರು ನೋಡತೊಡಗಿದರು. ಪಾದಗಳು ಓಡತೊಡಗಿದವು. ಎಡಕ್ಕೆ, ಮುಂದಕ್ಕೆ, ಮತ್ತೆ ಎಡಕ್ಕೆ. ಒಂದು ಆಟದ ನಡುವೆ ತಟ್ಟನೆ ನಿಂತವು. ಪರದೆಯ ಮೇಲೆ ಹುಡುಗ ಓಡುತ್ತಲೇ ಇದ್ದ, ಎದುರಾಳಿಯ ಸೊಂಟಕ್ಕೆ ಬಿದ್ದು ಅವನನ್ನು ಕೆಡವಿದ. ಸರ್ ಪಾದಗಳು ಮಾತ್ರ ಅಲುಗಲಿಲ್ಲ.

"ಸರ್, ಕಾಲು ಯಾಕ್ ನಿಂತ್ವು?"

"ಯಾವ ಕಾಲು?" ಎಂದು ಮೇಜಿನ ಕೆಳಗೆ ಬಗ್ಗಿ ನೋಡಿಕೊಂಡರು. ತಮ್ಮ ಕಾಲು ಆಡುತ್ತದೆಂದೇ ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಮತ್ತೆ ಪರದೆಯತ್ತ ತಿರುಗಿ ಮೆಲ್ಲಗೆ ಹೇಳಿದರು: "ಅವನ ಜೊತೇಲೇ ಹೋಗ್ತಾ ಇದ್ದೆ ಕಣಮ್ಮ. ನಡುವೆ ನೋಡಿದ್ರೆ ಜೊತೇಲಿ ಯಾರೂ ಇಲ್ಲ. ಮೈ ಓಡ್ತಾ ಇದೆ. ಒಳಗಿದ್ದವನು ಎಲ್ಲಿ?"

ಪೂರ್ತಿ ವಿಡಿಯೊ ತರಿಸಿದರು. ಒಂದರಲ್ಲಿ, ಹಿಡಿತ ಮುಗಿದು ಎಲ್ಲರೂ ಗುಂಪಿಗೆ ಮರಳಿದ ಮೇಲೂ ಆ ಹುಡುಗ ಬಯಲ ನಡುವೆ ಒಬ್ಬನೇ ನಿಂತಿದ್ದ. ಕೈಗಳು ಜೋತುಬಿದ್ದಿದ್ದವು. ಜೊತೆಗಾರನೊಬ್ಬ ಬಂದು ಅಂಗಿ ಹಿಡಿದು ಎಳೆದಾಗ ಬೆಚ್ಚಿದವನಂತೆ ನಡೆದ. "ನೋಡು, ಕರ್ಕೊಂಡು ಬರಬೇಕಾಯ್ತು ಅವನನ್ನ," ಎಂದರು ಸರ್. ನನಗೆ ಕಂಡದ್ದು ದಣಿದ ಹುಡುಗನೊಬ್ಬ, ಅಷ್ಟೇ.

ಅವರು ಹುಡುಗನಿಗೆ ಅಂಕ ಕೊಡಲಿಲ್ಲ. ಇವನ ಹೃದಯವನ್ನು, ತಲೆಯನ್ನು ವೈದ್ಯರಿಗೆ ತೋರಿಸುವವರೆಗೆ ಮೈದಾನಕ್ಕಿಳಿಸಬೇಡಿ ಎಂದು ತಾವೇ ತಂಡದವರಿಗೆ ಫೋನ್ ಮಾಡಿ ಹೇಳಿದರು. ಅತ್ತಲಿನವರು ಸಿಟ್ಟಾದರು. ಉಡುಪಿ ಕಡೆಯ ನಮ್ಮ ಮ್ಯಾನೇಜರ್ ಓಡಿ ಬಂದ.

"ಎಂತ ಸರ್ ಇದು? ನೀವು ಡಾಕ್ಟ್ರಾ? ಅವ್ರು ಕೇಳಿದ್ದು ಗ್ರೇಡ್. ಕೊಟ್ಟುಬಿಡಿ, ಖಲಾಸ್. ಈ ಕ್ಲೈಂಟ್ ಹೋದ್ರೆ ನಮ್ಮೆಲ್ಲರ ವೀಸಾವೂ ಹೋಯ್ತು."

ಸರ್ ದನಿ ಏರಿಸಲಿಲ್ಲ. "ಅವನು ಬಿದ್ದು ಏಳದೇ ಹೋದ್ರೆ ನಾನು ಮುಂದಿನ ವಿಡಿಯೊ ಹೇಗಪ್ಪ ಹಾಕಲಿ?"

ಮ್ಯಾನೇಜರ್ ಅವರೊಡನೆ ಮಾತು ಬಿಟ್ಟ. ತಂಡದಿಂದ ಉತ್ತರ ಬರಲಿಲ್ಲ. ನಾನೂ ಸರ್ ಪರವಾಗಿ ನಿಲ್ಲಲಿಲ್ಲ. ಅವರಿಗೆ ವಯಸ್ಸಾಯಿತು, ಏನೋ ಭ್ರಮೆ ಎಂದೇ ನನಗೂ ಅನ್ನಿಸಿತ್ತು.

ಅದೇ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಊಟ ಮಾಡಿ ಮಲಗಿದ ಸರ್ ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಅವರ ಫ್ಲಾಟಿಗೆ ಹೋದೆ. ಅವರ ಹೆಂಡತಿ ಅಳುತ್ತಿರಲಿಲ್ಲ. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನಿದ್ದೇಲೂ ಕಾಲು ಆಡಿಸ್ತಿದ್ರಮ್ಮ. ಮದುವೆಯಾದಾಗಿಂದ ಅವರು ಒದ್ದ ಹೊದಿಕೆ ಹೊದಿಸಿ ಹೊದಿಸಿ ಸಾಕಾಗಿತ್ತು ನಂಗೆ. ಇವತ್ತು ಅಡುಗೆಮನೇಲಿದ್ದೆ. ಮನೆಯೆಲ್ಲ ಯಾಕೋ ಗಪ್ಪಂತ ಆಯ್ತು. ಅಲ್ಲೇ ಗೊತ್ತಾಯ್ತು, ಕಾಲು ನಿಂತಿದೆ ಅಂತ."

ಮೈಸೂರಿಗೆ ದೇಹ ಕಳಿಸಿದೆವು. ಅವರ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಕಡೆಗೆ ನಾನೇ ಕೂತೆ.

ಸೆಕೆ ಇಳಿಯುವ ಕಾಲಕ್ಕೆ ತಂಡದಿಂದ ಸುದ್ದಿ ಬಂತು. ಮನಸ್ಸಿಲ್ಲದ ಮನಸ್ಸಿನಿಂದ ಹುಡುಗನನ್ನು ಪರೀಕ್ಷೆಗೆ ಕಳಿಸಿದ್ದರಂತೆ. ಓಡುವಾಗ ಅವನ ಹೃದಯದ ಬಡಿತ ಒಮ್ಮೊಮ್ಮೆ ದಾರಿ ತಪ್ಪುತ್ತಿತ್ತು. ಇನ್ನೊಂದು ಪಂದ್ಯ ಆಡಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರಂತೆ ವೈದ್ಯರು. ಜೀವಕ್ಕೆ ಅಪಾಯವಿಲ್ಲ, ಆದರೆ ಆಟ ಮುಗಿಯಿತು.

ಮರುದಿನ ಸಂಜೆ, ಮಸೀದಿಯ ಮಗ್ರಿಬ್ ಬಾಂಗ್ ಮುಗಿಯುವ ಹೊತ್ತಿಗೆ ಫೋನ್ ಬಂತು. ಅದು ಆ ಹುಡುಗನೇ. ಇಂಗ್ಲಿಷಿನಲ್ಲಿ, ಇನ್ನೂ ಎಳೆತನ ಆರದ ದನಿಯಲ್ಲಿ, ತನ್ನ ಬಗ್ಗೆ ಹೇಳಿದವರನ್ನು ಕರೆಯಿರಿ ಎಂದ. ಅವರು ತೀರಿಕೊಂಡರು ಎಂದೆ.

"ಅವರನ್ನ ಬಯ್ಯಬೇಕು ಅಂತ ಫೋನ್ ಮಾಡಿದ್ದೆ," ಎಂದ. ಆದರೆ ಫೋನ್ ಇಡಲಿಲ್ಲ. "ಆಡ್ತಾ ಆಡ್ತಾ ಒಮ್ಮೊಮ್ಮೆ ಜನರ ಗದ್ದಲ ನಿಂತುಬಿಡ್ತಿತ್ತು. ಮತ್ತೆ ಕೇಳಿಸೋ ಹೊತ್ತಿಗೆ ನನ್ನ ಕೈಯೊಳಗೆ ಯಾರೋ ಬಿದ್ದಿರ್ತಿದ್ದ. ನಾನು ಹಿಡಿದದ್ದು ನನಗೇ ನೆನಪಿಲ್ಲ. ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ. ಅವರಿಗೆ ಹೇಗೆ ಗೊತ್ತಾಯ್ತು?"

ಗೊತ್ತಿಲ್ಲ ಎಂದೆ. ಅದು ನಿಜ. ಇವತ್ತಿಗೂ ಆ ದೃಶ್ಯಗಳಲ್ಲಿ ನನಗೇನೂ ಕಾಣುವುದಿಲ್ಲ.

"ನೀವು ನೋಡಿದ್ದೀರಾ? ಆ ಹಿಡಿತಗಳು ಹೇಗಿದ್ದವು?"

ನಾನು ವಿಡಿಯೊ ಹಾಕಿದೆ. ಸರ್ ಕಲಿಸಿದ ಹಾಗೆ ಸೊಂಟದಿಂದ ಶುರು ಮಾಡಿದೆ. ಎದುರಿನವನು ಬಲಕ್ಕೆ ಹೋಗುವಂತೆ ತೋರಿಸಿದ, ನೀನು ನಂಬಲಿಲ್ಲ, ಎರಡು ದೊಡ್ಡ ಮೈಗಳ ನಡುವೆ ಓರೆಯಾಗಿ ತೂರಿದೆ, ಅವನು ತಿರುಗುವ ಮೊದಲೇ ಅವನ ಸೊಂಟ ನಿನ್ನ ತೋಳಿನಲ್ಲಿತ್ತು, ಎಂದೆ. ಅವನು ಕೇಳಿಸಿಕೊಳ್ಳುತ್ತಿದ್ದ, ತಾನಿಲ್ಲದಾಗ ತನ್ನ ಮೈ ಮಾಡಿದ ಕೆಲಸವನ್ನು.

"ಇನ್ನೊಂದು ಹೇಳಿ," ಎಂದ.

ನಾನು ಮುಂದಿನದನ್ನು ಹಾಕಿದೆ.