ಎಂಟು ಮಾರಿನ ಹಗ್ಗ

ಗೆಳೆಯರೇ, ಇವತ್ತು ನಮ್ಮ ಸಿಂಧನೂರು ಕಚೇರಿಯ ನೆಲದ ಮೇಲೆ ನಾನು ಹುಣಸೆ ಬೀಜ ಹರಡಿಕೊಂಡು ಕೂತಿದ್ದೆ. ಸರ್ಕಾರ ಊರೂರಿನ ಬಾವಿಗೆ ಹಗ್ಗ ಕೊಡುತ್ತಿದೆ. ನೀರು ಎಷ್ಟು ಮಾರು ಕೆಳಗಿದೆ ಎಂದು ಅಳೆದು ಬಂದವನು ನಾನೇ. ಸುಣ್ಣದಲ್ಲಿ ಒಂದೊಂದು ಮಾರಿಗೆ ಒಂದೊಂದು ಮನೆ ಗೀಚಿ, ಬಾವಿಗೊಂದು ಬೀಜ ಇಟ್ಟೆ. ತುರ್ವಿಹಾಳದ ಕಾಲುವೆ ಕಡೆಯವು ಮೂರರಲ್ಲಿ ಗುಡ್ಡೆಯಾದವು, ಮಸ್ಕಿ ದಾರಿಯ ಒಣ ಊರುಗಳವು ಹದಿಮೂರರಲ್ಲಿ. ನಡುವೆ ಪೂರಾ ಖಾಲಿ.

ಕಚೇರಿಯ ಮೇಲಧಿಕಾರಿ ಪೇಶ್ಕಾರ್ ಸಾಹೇಬರು ಬಂದು ನೋಡಿದರು.

"ಇದೇನ್ರೀ, ಎರಡು ಗುಡ್ಡಿ? ಸರಾಸರಿ ಎಷ್ಟು ಹೇಳ್ರಿ."

"ಎಂಟು ಮಾರು, ಸಾಹೇಬ್ರ. ಆದ್ರ ಎಂಟು ಮಾರಿನ ಬಾವಿ ಒಂದೂ ಇಲ್ರಿ."

"ಸರಾಸರಿ ಎಂಟು ಬಂದಮ್ಯಾಲ ಬಾವಿ ಇಲ್ಲದ ಹೆಂಗಿರ್ತಾವ?"

ಬೂಟಿನಿಂದ ಎರಡೂ ಗುಡ್ಡೆಗಳನ್ನು ಎಂಟರ ಮನೆಗೆ ದೂಡಿದರು. "ಈಗ ನೋಡ್ರಿ, ಹೆಂಗ ಚಂದ ಕಾಣ್ತದ."

ಹಗ್ಗಗಳನ್ನೆಲ್ಲ ಎಂಟೆಂಟು ಮಾರಿಗೆ ಕತ್ತರಿಸಿದರು. ಸಂಜೆ ಒಣ ಊರಿನ ತಳವಾರ ಹುಲಗಪ್ಪ ಬಂದ. ಬಾವಿ ಅಳೆಯುವಾಗ ನನ್ನ ಜೊತೆ ನಿಂತವನು. ಅಂಗಳದಲ್ಲೇ ಎರಡೂ ಕೈ ಚಾಚಿ ಹಗ್ಗ ಅಳೆದ. ಎಂಟಕ್ಕೆ ಕೈ ಖಾಲಿಯಾಯಿತು.

"ಹದಿಮೂರು ಅಂತ ನೀವಽ ಬರಕೊಂಡಿದ್ರಲ್ರೀ ಯಪ್ಪಾ. ಉಳಿದ ಐದು ಮಾರು ಎಲ್ಲಿ ಹೋತ್ರಿ?"

"ತುರ್ವಿಹಾಳ ಕಡೆ ಬಾವಿಕಟ್ಟಿ ಮ್ಯಾಲ ಸುತ್ತಿ ಬಿದ್ದಿರ್ತಾವ, ಹುಲಗಪ್ಪ" ಎಂದೆ. ಅವನು ಹಗ್ಗ ಹೆಗಲಿಗೇರಿಸಿಕೊಂಡು ಹೋದ.

ಕಚೇರಿಯ ಕಾಗದದಲ್ಲಿ ಇವತ್ತು ಎಲ್ಲ ಊರಿನ ಹಗ್ಗವೂ ನೀರು ಮುಟ್ಟಿದೆ. ಕೆಳಗೆ ರುಜು ನನ್ನದೇ.